28 ದಿನದ ತಿಂಗಳು ಮತ್ತು ನಮ್ಮ ಮನೆಯ ಇಂಟರ್ನೆಟ್

ಮೊನ್ನೆ ಕೌಂಟರಿಗೆ ಬಂದ ಬೀಡಿ ಕಟ್ಟುವ ಅಕ್ಕ ಒಬ್ಬರು ಹೇಳಿದರು: "ಉಳಿತಾಯ ಎಲ್ಲಿಂದ ಮಾಡುದು ಮಾರಾಯ್ರೆ, ಮೂರು ಮೊಬೈಲಿಗೆ ಕರೆನ್ಸಿ ಹಾಕುದರಲ್ಲೇ ಮುಗೀತದೆ."

ಲೆಕ್ಕ ಹಾಕಿ ನೋಡಿದೆ. ₹299ರ ಪ್ಯಾಕ್ ಇರುವುದು 28 ದಿನಕ್ಕೆ. ಅಂದರೆ ವರ್ಷಕ್ಕೆ 12 ಅಲ್ಲ, 13 ಸಲ. ಮೂರು ಫೋನಿಗೆ ₹11,661! ಇಷ್ಟು ಕೊಟ್ಟರೂ ಸಂಜೆಗೆ ಡೇಟಾ ಖಾಲಿ, ಮಗಳ ಪಾಠದ ವಿಡಿಯೋ ಅರ್ಧಕ್ಕೇ ನಿಲ್ಲುತ್ತದೆ.

ಕಾಸರಗೋಡಿನ ಗೆಳೆಯರೇ, ಕೇರಳ ಸರಕಾರದ ಕೆ-ಫೋನ್ 2023ರ ಜೂನ್ 5ರಂದು ಉದ್ಘಾಟನೆಯಾಯಿತು. 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಇಂಟರ್ನೆಟ್ ಅದರ ಗುರಿ. ಮೊದಲ ಹಂತದ ಲೆಕ್ಕ, ಒಂದು ವಿಧಾನಸಭಾ ಕ್ಷೇತ್ರಕ್ಕೆ 100 ಮನೆ. ಮಂಜೇಶ್ವರ, ಕಾಸರಗೋಡು ಎರಡೂ ಸೇರಿ 200. ಅದರಲ್ಲಿ ನಮ್ಮ ವಾರ್ಡಿನ ಮನೆ ಎಷ್ಟು? ಯಾರಾದರೂ ಕೇಳಿದ್ದೇವಾ?

ಕೇಳಬೇಕು. ಕನ್ನಡದಲ್ಲೇ ಕೇಳಬಹುದು. 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಪ್ರಕಾರ, ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿಸಿದ ಕಡೆಯ ಸ್ಥಳೀಯ ಕಚೇರಿಗಳಿಗೆ ನಾವು ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಮಲಯಾಳ ನೋಟೀಸು ಓದಲು ಬಾರದೆ ಒಂದು ಮನೆ ಸವಲತ್ತು ಕಳಕೊಂಡರೆ, ಅದು ಅವರ ತಪ್ಪಲ್ಲ. ಓದಲು ಗೊತ್ತಿದ್ದೂ ಸುಮ್ಮನಿದ್ದ ನಮ್ಮದು.

ಉಚಿತ ಪಟ್ಟಿಗೆ ಸೇರದವರಿಗೆ ಹಣ ಕೊಟ್ಟು ಪಡೆಯುವ ಯೋಜನೆಯೂ ಇದೆ. ಶುರುವಾದಾಗ ಅತಿ ಕಡಿಮೆ ದರ ತಿಂಗಳಿಗೆ ₹299, ಮೇಲೆ 18% ಜಿಎಸ್‌ಟಿ, ಸುಮಾರು ₹353. ಸಂಪರ್ಕ ತೆಗೆದುಕೊಳ್ಳುವ ಮೊದಲು ಈಗಿನ ದರ, ಎಷ್ಟು ತಿಂಗಳದ್ದು ಒಟ್ಟಿಗೆ ಕಟ್ಟಬೇಕು, ಮೋಡೆಮ್‌ಗೆ ಬೇರೆ ಹಣ ಉಂಟಾ, ಇಷ್ಟನ್ನೂ ಕೇಳಿ. ಬಿಎಸ್ಸೆನ್ನೆಲ್ ಫೈಬರ್, ಊರಿನ ಕೇಬಲ್‌ನವರ ದರವನ್ನೂ ಪಕ್ಕದಲ್ಲಿ ಬರೆದು ನೋಡಿ. ಮನೆಗೆ ವೈಫೈ ಬಂದ ಮೇಲೆ ಅಪ್ಪ ಅಮ್ಮನ ಫೋನಿಗೆ ಡೇಟಾ ಯಾಕೆ? ಮಾತು ಮತ್ತು ಎಸ್ಸೆಮ್ಮೆಸ್ ಮಾತ್ರದ ಪ್ಯಾಕ್ ಇಡಲೇಬೇಕೆಂದು ಟ್ರಾಯ್ 2024ರ ಡಿಸೆಂಬರ್‌ನಲ್ಲೇ ನಿಯಮ ತಂದಿದೆ. ಅಂಗಡಿಯವರು ಹೇಳುವುದಿಲ್ಲ, ನೀವೇ ಕೇಳಿ. ಎರಡೂ ಖರ್ಚು ಕೂಡಿಸಿ, ಹಳೇ ಖರ್ಚಿನ ಎದುರು ಇಟ್ಟು, ಆಮೇಲೆ ತೀರ್ಮಾನ ಮಾಡಿ.

ಈ ಭಾನುವಾರ ಒಂದು ಕೆಲಸ ಮಾಡೋಣ. ನಿಮ್ಮ ವಾರ್ಡಿನಲ್ಲಿ ಹಳದಿ, ಗುಲಾಬಿ ರೇಷನ್ ಕಾರ್ಡ್ ಇರುವ, ಶಾಲೆಗೆ ಹೋಗುವ ಮಕ್ಕಳಿರುವ ಹತ್ತು ಮನೆಯ ಪಟ್ಟಿ ಮಾಡಿ. ಸೋಮವಾರ ಪಂಚಾಯತಿಗೆ ಕನ್ನಡದಲ್ಲಿ ಅರ್ಜಿ ಕೊಟ್ಟು ರಸೀದಿ ತೆಗೆದುಕೊಳ್ಳಿ. ರಸೀದಿ ಇಲ್ಲದ ಅರ್ಜಿ, ಬ್ಯಾಂಕಿನಲ್ಲಿ ಚಲನ್ ಇಲ್ಲದೆ ಕೊಟ್ಟ ದುಡ್ಡಿನ ಹಾಗೆ.