ಊರಿನ ಸಮಾರಂಭಕ್ಕೆ ಊರಿನ ಗೊಂಬೆ

ಚನ್ನಪಟ್ಟಣದ ತಾಯಂದಿರೇ, ಹಿರಿಯರೇ, ಅಣ್ಣತಮ್ಮಂದಿರೇ, ಅಕ್ಕತಂಗಿಯರೇ,

ಈ ಹಾಳೆಯನ್ನು ನಿಮ್ಮ ಕೈಗೆ ಕೊಟ್ಟವರು ಓಟು ಕೇಳಲು ಬಂದವರಲ್ಲ, ಚಂದಾ ಎತ್ತಲು ಬಂದವರೂ ಅಲ್ಲ. ಹಳೇ ಬೆಂಗಳೂರು–ಮೈಸೂರು ರಸ್ತೆಯಲ್ಲಿ ಗೊಂಬೆ ಅಂಗಡಿ ಇಟ್ಟುಕೊಂಡವರು ನಾವು. ಕಲಾನಗರದಲ್ಲಿ, ನೀಲಸಂದ್ರದಲ್ಲಿ ಲೇತ್ ಮುಂದೆ ಕೂರುವವರು, ಮನೆಯ ಜಗಲಿಯಲ್ಲಿ ಕೂತು ಗೊಂಬೆಗೆ ಕಣ್ಣು ಮೂಗು ಬರೆಯುವ ಹೆಣ್ಣುಮಕ್ಕಳು ನಮ್ಮ ಜೊತೆಗಿದ್ದಾರೆ. ಎರಡು ನಿಮಿಷ ನೆರಳಿಗೆ ನಿಂತು ಓದಿ. ಓದಿದ ಮೇಲೆ ಎಸೆಯಬೇಡಿ, ಪಕ್ಕದ ಮನೆಯವರಿಗೆ ಕೊಡಿ.

2023ರ ಮಾರ್ಚ್ 12ರಂದು ಹೊಸ ಹೆದ್ದಾರಿಯ ಉದ್ಘಾಟನೆಯಾಯಿತು. ಬಿಡದಿಗೊಂದು ಬೈಪಾಸ್, ರಾಮನಗರಕ್ಕೂ ನಮಗೂ ಸೇರಿ ಒಂದು, ಮದ್ದೂರಿಗೊಂದು, ಮಂಡ್ಯಕ್ಕೊಂದು, ಶ್ರೀರಂಗಪಟ್ಟಣಕ್ಕೊಂದು. ಬೆಂಗಳೂರಿನಿಂದ ಮೂರು ಗಂಟೆ ಹಿಡಿಯುತ್ತಿದ್ದ ಮೈಸೂರು ಒಂದೂವರೆ ಗಂಟೆಗೆ ಬಂತು. ಒಳ್ಳೆಯದೇ ಆಯಿತು. ನಮ್ಮ ಮಕ್ಕಳು ಜೀವ ಕೈಯಲ್ಲಿ ಹಿಡಿದು ರಸ್ತೆ ದಾಟುವುದು ತಪ್ಪಿತು, ಆಂಬುಲೆನ್ಸ್ ನಮ್ಮ ಪೇಟೆಯ ಸಂದಣಿಯಲ್ಲಿ ಸಿಕ್ಕಿಕೊಂಡು ಕೂಗುವುದು ನಿಂತಿತು. ರಸ್ತೆ ಬೇಡವಾಗಿತ್ತು ಅಂತ ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಆದರೆ ಆ ರಸ್ತೆಯ ಜೊತೆಗೆ ನಮ್ಮ ಗಿರಾಕಿಯೂ ಹೊರಟುಹೋದ.

ಮೊದಲು ಹೇಗಿತ್ತು, ನಿಮಗೇ ಗೊತ್ತು. ಮೈಸೂರಿಗೆ ಹೊರಟ ಕಾರು ನಮ್ಮ ಊರಿಗೆ ಬಂದಾಗ ನಿಧಾನವಾಗಲೇಬೇಕಿತ್ತು. ಅಂಗಡಿ ಮುಂದೆ ತೂಗುಹಾಕಿದ ಕೆಂಪು ಕುದುರೆ, ಹಳದಿ ಬುಗುರಿ, ದಾರ ಕಟ್ಟಿ ಎಳೆಯುವ ಬಂಡಿ ಹಿಂದಿನ ಸೀಟಿನ ಮಗುವಿನ ಕಣ್ಣಿಗೆ ಬೀಳುತ್ತಿತ್ತು. ಮಗು ಬೆರಳು ತೋರಿಸಿದರೆ ಅಪ್ಪ ಗಾಡಿ ಪಕ್ಕಕ್ಕೆ ಹಾಕುತ್ತಿದ್ದ. ನಮ್ಮ ವ್ಯಾಪಾರ ನಡೆಯುತ್ತಿದ್ದದ್ದು ಆ ಬೆರಳಿನಿಂದ. ಅಪ್ಪ ಅಮ್ಮ ಇಳಿದರೆ ಪಕ್ಕದ ಹೋಟೆಲಿನವನಿಗೆ ಎರಡು ಕಾಫಿ, ಎಳನೀರಿನವನಿಗೆ ಮೂರು ಎಳನೀರು, ಹೂವಿನವಳಿಗೆ ಒಂದು ಮೊಳ ಮಲ್ಲಿಗೆ. ಒಂದು ಕಾರು ನಿಂತರೆ ನಾಲ್ಕು ಮನೆಯ ಒಲೆ ಉರಿಯುತ್ತಿತ್ತು. ಈಗ ಆ ಮಗು ಊರಾಚೆ ಬೈಪಾಸಿನ ಮೇಲೆ ನಿದ್ದೆ ಮಾಡುತ್ತಾ ಹೋಗುತ್ತದೆ. ಚನ್ನಪಟ್ಟಣ ಯಾವಾಗ ಬಂತು, ಯಾವಾಗ ಹೋಯಿತು ಅದಕ್ಕೆ ಗೊತ್ತಾಗುವುದಿಲ್ಲ.

ಅಂಗಡಿಗೆ ಗಿರಾಕಿ ಕಡಿಮೆಯಾದರೆ ಅಂಗಡಿಯವನು ಹೇಗೋ ತಡೆದುಕೊಂಡಾನು, ಇನ್ನೊಂದು ಸಾಮಾನು ತಂದಿಟ್ಟಾನು. ಲೇತ್ ಮುಂದೆ ಕೂತವನ ಕಥೆ ಹಾಗಲ್ಲ. ಇದನ್ನು ಬರೆಯುತ್ತಿರುವ ನಾನು ಹೋದ ತಿಂಗಳು ಒಬ್ಬ ಹಿರಿಯ ಕೆಲಸಗಾರರ ಮನೆಗೆ ಆರ್ಡರ್ ಕೊಡಲು ಹೋಗಿದ್ದೆ. ನನ್ನ ತಂದೆಯ ಕಾಲದಿಂದಲೂ ಅವರು ನಮ್ಮ ಅಂಗಡಿಗೆ ಮಾಲು ಕೊಡುತ್ತಾ ಬಂದವರು. ಬುಗುರಿ ಮಾಡುತ್ತಾ ಕೂತಿದ್ದರು. ಒಣಗಿಸಿದ ಆಲೆ ಮರದ ತುಂಡನ್ನು ಲೇತಿಗೆ ಕಚ್ಚಿಸಿ ಉಳಿ ಹಿಡಿದರು. ದಂತದ ಬಣ್ಣದ ಸಿಪ್ಪೆ ಸುರುಳಿ ಸುರುಳಿಯಾಗಿ ಅವರ ಮಡಿಲಿಗೆ ಬಿತ್ತು. ಆಲೆ ಮರ ಬೆಣ್ಣೆಯಂಥದ್ದು, ಉಳಿಗೆ ತಕರಾರು ಮಾಡುವುದಿಲ್ಲ. ಹೊಟ್ಟೆ ಬಂತು, ಕುತ್ತಿಗೆ ಬಂತು, ಮೊನೆ ಬಂತು. ಆಮೇಲೆ ಹಳದಿ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರು. ಅಲ್ಲಿ ಬೆಂಕಿಯೂ ಇಲ್ಲ, ಬ್ರಶ್ಶೂ ಇಲ್ಲ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಂಡಿತು. ಕೊನೆಗೆ ಒಣಗಿದ ಗರಿಯ ತುಂಡು ಹಿಡಿದು ಒಂದೆರಡು ಸಲ ಆಚೆ ಈಚೆ ಒರೆಸಿದ್ದಷ್ಟೇ, ಬುಗುರಿ ಕನ್ನಡಿಯ ಹಾಗೆ ಹೊಳೆಯಿತು. ಮುಟ್ಟಿದೆ, ಇನ್ನೂ ಬೆಚ್ಚಗಿತ್ತು.

‘ಭಾಯಿ, ಮಗ ಎಲ್ಲಿ? ಕಾಣ್ಲಿಲ್ಲ’ ಅಂದೆ.

‘ಬೆಂಗಳೂರಲ್ಲಿ ಡೆಲಿವರಿಗೆ ಹೋಗ್ತಾನಣ್ಣಾ. ಕೈ ಚೆನ್ನಾಗಿತ್ತು ಅವನ್ದು. ನನ್ಗಿಂತ ಚೆನ್ನಾಗಿತ್ತು. ಆರ್ಡರ್ ಇದ್ದಿದ್ರೆ ನಾನೇ ಕಳಿಸ್ತಿರ್ಲಿಲ್ಲ.’

ಆ ಮನೆಯಲ್ಲಿ ಎರಡು ಲೇತ್ ಇವೆ. ಒಂದರ ಮೇಲೆ ಬಟ್ಟೆ ಮುಚ್ಚಿದ್ದರು.

ಈ ಕೆಲಸವನ್ನು ಟಿಪ್ಪು ಸುಲ್ತಾನ್ ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿ ಇಲ್ಲಿಯವರಿಗೆ ಕಲಿಸಿದ ಅಂತ ನಮ್ಮ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಜಪಾನಿನ ಕಸುಬುದಾರಿಕೆಯನ್ನು ಕಲಿತು ಇಲ್ಲಿಗೆ ತಂದ ಬಾವಾಸ್ ಮಿಯಾ ಅವರ ಹೆಸರನ್ನು ಲೇತ್ ಮನೆಗಳಲ್ಲಿ ಇವತ್ತಿಗೂ ಗೌರವದಿಂದ ನೆನೆಯುತ್ತಾರೆ. 2005–06ರ ಸಾಲಿನಲ್ಲಿ ನಮ್ಮ ಗೊಂಬೆಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಬೇರೆ ಊರಿನಲ್ಲಿ ಮಾಡಿದ್ದನ್ನು ಚನ್ನಪಟ್ಟಣದ ಗೊಂಬೆ ಅಂತ ಹೇಳಿ ಮಾರುವ ಹಾಗಿಲ್ಲ ಎಂಬುದು ಅದರ ಅರ್ಥ. 2022ರ ಗಣರಾಜ್ಯೋತ್ಸವದಲ್ಲಿ ದೆಹಲಿಯ ರಾಜಪಥದ ಮೇಲೆ ಹೋದ ಕರ್ನಾಟಕದ ಸ್ತಬ್ಧಚಿತ್ರದಲ್ಲೂ ನಮ್ಮ ಗೊಂಬೆಗಳಿದ್ದವು. ಅಷ್ಟು ದೂರದವರು ನೋಡಿ ಚಪ್ಪಾಳೆ ತಟ್ಟಿದರು. ಆದರೆ ಇವತ್ತು ನಾವು ಕೇಳಲು ಬಂದಿರುವುದು ದೆಹಲಿಯವರನ್ನಲ್ಲ, ನಿಮ್ಮನ್ನು.

ಒಂದು ರಾಜ್ಯೋತ್ಸವದ ಸಮಾರಂಭಕ್ಕೆ ನನ್ನನ್ನೂ ಕರೆದಿದ್ದರು. ನಮ್ಮದೇ ತಾಲ್ಲೂಕು, ನಮ್ಮದೇ ಮಕ್ಕಳು. ಮಕ್ಕಳು ಎಷ್ಟು ಚೆನ್ನಾಗಿ ಕುಣಿದರು, ಎಷ್ಟು ಚೆನ್ನಾಗಿ ಮಾತಾಡಿದರು! ಬಹುಮಾನ ಕೊಡುವ ಹೊತ್ತು ಬಂತು. ಮೇಜಿನ ಮೇಲಿದ್ದ ಬಟ್ಟೆ ಸರಿಸಿದರೆ ಸಾಲಾಗಿ ಚಿನ್ನದ ಬಣ್ಣದ ಪ್ಲಾಸ್ಟಿಕ್ ಕಪ್ಪುಗಳು, ಅತಿಥಿಗಳಿಗೆ ಗಾಜಿನ ಫಲಕ. ಎಲ್ಲವೂ ಬೆಂಗಳೂರಿನಿಂದ ತರಿಸಿದ್ದು. ಮೊದಲ ಬಹುಮಾನ ತಗೊಂಡ ಹುಡುಗಿಯ ಅಪ್ಪ ಲೇತ್ ಕೆಲಸಗಾರ, ನನ್ನ ಪಕ್ಕದಲ್ಲೇ ಕೂತಿದ್ದ. ಮಗಳ ಕೈಯಿಂದ ಕಪ್ಪು ಇಸಕೊಂಡು ತಿರುಗಿಸಿ ನೋಡಿದ. ಕೆಳಗಿನ ಅಚ್ಚಿನ ಜೋಡಣೆ ಆಗಲೇ ಬಿಟ್ಟಿತ್ತು. ಏನೂ ಮಾತಾಡದೆ ಅದನ್ನು ಮಗಳಿಗೆ ವಾಪಸ್ ಕೊಟ್ಟ. ನನ್ನ ಹೊಟ್ಟೆಯೊಳಗೆ ಏನೋ ತಿರುಚಿದ ಹಾಗಾಯಿತು. ಏರ್ಪಾಡು ಮಾಡಿದವರು ಕೆಟ್ಟವರಲ್ಲ. ಅವರಿಗೆ ಹೊಳೆಯಲಿಲ್ಲ, ಅಷ್ಟೇ. ನಾವು ಅಂಗಡಿಯವರೂ ಒಂದು ಸಲವಾದರೂ ಅವರ ಹತ್ತಿರ ಹೋಗಿ ‘ನಮ್ಮಲ್ಲಿದೆ, ಮಾಡಿಕೊಡ್ತೀವಿ’ ಅಂತ ಹೇಳಿರಲಿಲ್ಲ. ಆ ತಪ್ಪನ್ನು ತಿದ್ದಿಕೊಳ್ಳಲೆಂದೇ ಈ ಕರಪತ್ರ.

ಒಂದು ವರ್ಷದಲ್ಲಿ ನಮ್ಮೂರಿನಲ್ಲಿ ಎಷ್ಟು ಸಮಾರಂಭಗಳು ನಡೆಯುತ್ತವೆ, ಲೆಕ್ಕ ಹಾಕಿ ನೋಡಿ. ಮದುವೆ, ನಾಮಕರಣ, ಗೃಹಪ್ರವೇಶ, ಮಗುವಿನ ಮೊದಲ ಹುಟ್ಟುಹಬ್ಬ. ಶಾಲೆ ಶಾಲೆಯ ವಾರ್ಷಿಕೋತ್ಸವ, ಆಟೋಟ. ಗಲ್ಲಿ ಗಲ್ಲಿಯ ಗಣಪತಿ, ಅದರ ಮುಂದೆ ರಂಗೋಲಿ ಸ್ಪರ್ಧೆ. ಬ್ಯಾಂಕಿನಲ್ಲಿ, ಕಚೇರಿಯಲ್ಲಿ ನಿವೃತ್ತರಾಗುವವರಿಗೆ ಬೀಳ್ಕೊಡುಗೆ. ಸ್ತ್ರೀಶಕ್ತಿ ಸಂಘಗಳ ಸಭೆ, ಕ್ರಿಕೆಟ್ ಪಂದ್ಯ. ಇಷ್ಟಕ್ಕೂ ಕಾಣಿಕೆ ಬೇಕು, ಬಹುಮಾನ ಬೇಕು, ತಾಂಬೂಲದ ಜೊತೆಗೆ ಏನಾದರೂ ಒಂದು ಇಡಬೇಕು. ಆ ದುಡ್ಡು ಈಗಾಗಲೇ ಖರ್ಚಾಗುತ್ತಿದೆ, ಹೊಸದಾಗಿ ಒಂದು ಪೈಸೆ ಹಾಕಿ ಅಂತ ನಾವು ಕೇಳುತ್ತಿಲ್ಲ. ಅದು ಊರಿನೊಳಗೇ ತಿರುಗಲಿ ಅಂತ ಕೇಳುತ್ತಿದ್ದೇವೆ.

ಗೊಂಬೆ ಅಂದರೆ ಮಕ್ಕಳ ಆಟಿಕೆ ಮಾತ್ರ ಅಂತ ತಿಳಿಯಬೇಡಿ. ಮದುವೆಗೆ ಬಂದ ಮುತ್ತೈದೆಯರಿಗೆ ಅರಗಿನ ಕುಂಕುಮದ ಭರಣಿ ಕೊಡಿ, ಬಳೆ ಕೊಡಿ. ಹತ್ತು ವರ್ಷ ಕಳೆದರೂ ಆ ಭರಣಿ ಅವರ ಮನೆಯ ದೇವರ ಮುಂದೆ ಇರುತ್ತದೆ. ನಾಮಕರಣಕ್ಕೆ ಗಿಲಕಿ ಕೊಡಿ, ಉಂಗುರಗಳನ್ನು ಒಂದರ ಮೇಲೊಂದು ಪೋಣಿಸುವ ಆಟಿಕೆ ಕೊಡಿ. ನಿವೃತ್ತರಾಗುವ ಮೇಷ್ಟ್ರಿಗೆ ಪೆನ್ನು ಇಡುವ ಸ್ಟ್ಯಾಂಡ್ ಆಗಬಹುದು. ಓಟದಲ್ಲಿ ಗೆದ್ದವನಿಗೆ ಮರದ ಕಪ್ಪನ್ನೇ ಕಡೆದು ಕೊಡುತ್ತೇವೆ, ಹೆಸರು ಬರೆದು ಕೊಡುತ್ತೇವೆ. ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಮನೆಯವರು ವರ್ಷಕ್ಕೆ ಒಂದಾದರೂ ಹೊಸ ಗೊಂಬೆಯನ್ನು ಇಲ್ಲಿಂದಲೇ ತಗೊಳ್ಳಿ. ದೊಡ್ಡಮಳೂರಿನ ಅಂಬೆಗಾಲು ಕೃಷ್ಣನಿಗೆ ಮಕ್ಕಳ ಭಾಗ್ಯಕ್ಕಾಗಿ ಹರಕೆ ಹೊತ್ತವರು ಪುಟ್ಟ ತೊಟ್ಟಿಲು ಒಪ್ಪಿಸುವುದು ನಿಮಗೆಲ್ಲ ಗೊತ್ತಿರುವುದೇ. ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಆ ತೊಟ್ಟಿಲು ನಮ್ಮೂರಿನ ಕೈಯಲ್ಲಿ ಆದದ್ದಾಗಿರಲಿ ಅಂತ ಬರುವ ನೆಂಟರಿಗೆ ಒಂದು ಮಾತು ಹೇಳಿ.

ಒಂದೇ ವಿನಂತಿ, ಮುಂಚೆ ಹೇಳಿ. ಕೈಯಲ್ಲಿ ಆಗುವ ಕೆಲಸ, ನಾಳೆ ಮದುವೆ ಅಂತ ಇವತ್ತು ಸಂಜೆ ಬಂದರೆ ಇನ್ನೂರು ಭರಣಿ ಹುಟ್ಟುವುದಿಲ್ಲ. ಒಂದು ತಿಂಗಳು ಮೊದಲೇ ಹೇಳಿದರೆ ಆ ತಿಂಗಳು ಎರಡು ಮೂರು ಮನೆಗಳಲ್ಲಿ ಲೇತ್ ನಿಲ್ಲುವುದಿಲ್ಲ. ಮುಂಗಡ ಕೊಟ್ಟರೆ ಮರ ತರಲು ಕೆಲಸಗಾರರು ಬಡ್ಡಿ ಸಾಲಕ್ಕೆ ಹೋಗುವುದೂ ತಪ್ಪುತ್ತದೆ.

ದುಬಾರಿ ಅನ್ನುವವರಿಗೆ ಒಂದು ಸುದ್ದಿ. ಜಿಎಸ್‌ಟಿಯಲ್ಲಿ ಕರಕುಶಲ ವಸ್ತುಗಳ ಪಟ್ಟಿಯೊಳಗೆ ಚನ್ನಪಟ್ಟಣದ ಗೊಂಬೆಯ ಹೆಸರೇ ಇದೆ. ಅದರ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಆ ಇಳಿಕೆ ನಿಮಗೆ ಸಿಗಬೇಕು, ಬಿಲ್ಲಿನಲ್ಲಿ ನೋಡಿ, ಇಲ್ಲದಿದ್ದರೆ ಕೇಳಿ. ಇನ್ನು ಮಗುವಿನ ಬಾಯಿಗೆ ಹೋಗುವ ವಸ್ತುವಿನ ಮಾತು. ಹಲ್ಲು ಬರುವ ಕೂಸು ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ. ನಮ್ಮ ಹಳೇ ಪದ್ಧತಿಯಲ್ಲಿ ಹಳದಿಗೆ ಅರಿಶಿನ, ನೀಲಿಗೆ ನೀಲಿ ಗಿಡ, ಕಂದಿಗೆ ಕಾಚು. ಬಣ್ಣ ಅರಗಿನೊಳಗೇ ಬೆರೆತಿರುತ್ತದೆ, ಮೇಲೆ ಬಳಿದ ಪೇಂಟಿನ ಹಾಗೆ ಚಕ್ಕೆ ಏಳುವುದಿಲ್ಲ. ಎಲ್ಲ ಅಂಗಡಿಯ ಎಲ್ಲ ಮಾಲೂ ಹೀಗೇ ಇದೆ ಅಂತ ನಾವು ಸುಳ್ಳು ಹೇಳುವುದಿಲ್ಲ. ಆದ್ದರಿಂದ ಕೊಳ್ಳುವ ಮೊದಲು ಬಾಯಿಬಿಟ್ಟು ಕೇಳಿ: ಇದು ಅರಗೋ ಪೇಂಟೋ, ಗಿಡದ ಬಣ್ಣವೋ ಬೇರೆಯದೋ, ಯಾರ ಮನೆಯಲ್ಲಿ ಆದದ್ದು? ಹೇಳುವುದು ಅಂಗಡಿಯವನ ಕರ್ತವ್ಯ.

ಇಲ್ಲಿ ನಮ್ಮವರಿಗೇ, ಹಳೇ ರಸ್ತೆಯ ಅಂಗಡಿಯ ಬಂಧುಗಳಿಗೇ ಒಂದು ಮಾತು. ಖಾರವಾಗಿದ್ದರೂ ಕೇಳಿಸಿಕೊಳ್ಳಿ. ಹೊರಗಿನಿಂದ ಬಂದ ಪ್ಲಾಸ್ಟಿಕ್ ಮಾಲನ್ನು ಮುಂದೆ ತೂಗುಹಾಕಿ, ನಮ್ಮ ಮರದ ಗೊಂಬೆಯನ್ನು ಒಳಗಿನ ಕಪಾಟಿನಲ್ಲಿ ಧೂಳು ತಿನ್ನಲು ಬಿಟ್ಟವರು ನಮ್ಮೊಳಗೇ ಇದ್ದೇವೆ. ಕಾರಿನ ನಂಬರ್ ನೋಡಿ ಬೆಲೆ ಹೇಳಿದವರೂ ಇದ್ದೇವೆ. ಅದು ನಿಲ್ಲಬೇಕು. ಒಂದು ಗೊಂಬೆಗೆ ಊರವರಿಗೂ ಪರವೂರವರಿಗೂ ಒಂದೇ ಬೆಲೆ, ಅದನ್ನು ಚೀಟಿಯಲ್ಲಿ ಬರೆದು ಅಂಟಿಸೋಣ. ನಮ್ಮ ಊರಿನಲ್ಲಿ ಆಗದ ಮಾಲನ್ನು ಬೇರೆ ಕಪಾಟಿನಲ್ಲಿ ಇಡೋಣ. ಅಂಗಡಿ ಮುಂದೆ ಇಳಿದ ಹೆಣ್ಣುಮಗಳು ಶೌಚಾಲಯ ಎಲ್ಲಿದೆ ಅಂತ ಕೇಳಿದರೆ ಮುಖ ಆ ಕಡೆ ತಿರುಗಿಸದೆ ಶುಚಿಯಾದ ಒಂದನ್ನು ತೋರಿಸುವ ಹಾಗಿರೋಣ. ಬೈಪಾಸಿನಿಂದ ಎಂಟು ಹತ್ತು ನಿಮಿಷ ಹೆಚ್ಚು ಖರ್ಚು ಮಾಡಿ ಒಳಗೆ ಬಂದವನು ಮತ್ತೆ ಬರುವುದು ಇಂಥವುಗಳಿಂದ.

ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ಕೆಲಸ ಮಾಡುವ ನಮ್ಮ ಊರಿನ ಹುಡುಗರೇ, ಹುಡುಗಿಯರೇ, ನಿಮ್ಮ ಕೈಯಲ್ಲಿ ದೊಡ್ಡ ಶಕ್ತಿ ಇದೆ. ನಿಮ್ಮ ಕಂಪನಿಗಳು ದೀಪಾವಳಿಗೆ ಪೆಟ್ಟಿಗೆ ಪೆಟ್ಟಿಗೆ ಉಡುಗೊರೆ ಹಂಚುತ್ತವೆ. ಈ ಸಲ ಆ ಪೆಟ್ಟಿಗೆಯಲ್ಲಿ ಚನ್ನಪಟ್ಟಣದ ಒಂದು ವಸ್ತು ಇರಲಿ ಅಂತ ಕೇಳುವವರು ನೀವೇ ಆಗಿ. ಗೆಳೆಯರೊಂದಿಗೆ ಮೈಸೂರಿಗೆ ಹೊರಟಾಗ ಬೈಪಾಸ್ ಶುರುವಾಗುವ ಮೊದಲೇ ಗಾಡಿಯನ್ನು ಹಳೇ ರಸ್ತೆಗೆ ಇಳಿಸಿ. ಬೈಕಿನವರಿಗಂತೂ ಮುಖ್ಯ ಹೆದ್ದಾರಿಯ ಮೇಲೆ 2023ರ ಆಗಸ್ಟ್ 1ರಿಂದ ಪ್ರವೇಶವೇ ಇಲ್ಲ. ಹೇಗೂ ಪಕ್ಕದ ರಸ್ತೆಯಲ್ಲಿ ಬರುತ್ತೀರಿ, ಊರೊಳಗೆ ಬನ್ನಿ. ರೈಲಿನಲ್ಲಿ ಬರುವವರಿಗೆ ನಮ್ಮ ಸ್ಟೇಷನ್ ಇದ್ದೇ ಇದೆ. ಕೆಂಗಲ್ ಆಂಜನೇಯನಿಗೆ ಕೈ ಮುಗಿದು, ಜೊತೆಗೆ ಬಂದವರನ್ನು ಯಾವುದಾದರೂ ಲೇತ್ ಮನೆಗೆ ಕರೆದುಕೊಂಡು ಹೋಗಿ. ಮರದ ತುಂಡು ಕಣ್ಣೆದುರೇ ಬುಗುರಿಯಾಗುವುದನ್ನು ನೋಡಿದ ಮಗು ಬರಿಗೈಯಲ್ಲಿ ಹೋಗುವುದಿಲ್ಲ.

ಹೊಲ ಇರುವ ರೈತ ಬಾಂಧವರು ಬದುವಿನಲ್ಲಿ ನಾಲ್ಕು ಆಲೆ ಸಸಿ ನೆಡುವ ಯೋಚನೆ ಮಾಡಿ. ಮರ ಹತ್ತಿರದಲ್ಲೇ ಸಿಕ್ಕರೆ ಕಸುಬೂ ಉಳಿಯುತ್ತದೆ, ನಿಮಗೂ ಒಂದು ಆದಾಯ.

ಈಗ ಮಾಡಬೇಕಾದ್ದು. ನಿಮ್ಮ ಮನೆಯಲ್ಲಿ, ಶಾಲೆಯಲ್ಲಿ, ಸಂಘದಲ್ಲಿ ಮುಂದೆ ಬರುವ ಮೊದಲನೇ ಸಮಾರಂಭಕ್ಕೆ ಹೊರಗಿನ ಕಪ್ಪು, ಹೊರಗಿನ ಫಲಕ ತರಿಸುವ ಮೊದಲು ಊರಿನ ಒಂದು ಗೊಂಬೆ ಅಂಗಡಿಗೆ ಬಂದು ವಿಚಾರಿಸಿ. ಬೆಲೆ ಹೊಂದದಿದ್ದರೆ ತಗೋಬೇಡಿ, ನಮಗೇನೂ ಬೇಸರವಿಲ್ಲ. ಆದರೆ ಕೇಳದೆ ಮಾತ್ರ ಹೋಗಬೇಡಿ.

ಇನ್ನೊಂದು, ಬೈಪಾಸಿನ ಎರಡೂ ತುದಿಯಲ್ಲಿ ‘ಗೊಂಬೆಗಳ ಊರು ಚನ್ನಪಟ್ಟಣಕ್ಕೆ ದಾರಿ’ ಅಂತ ದೂರದಿಂದಲೇ ಕಾಣುವ ದೊಡ್ಡ ಫಲಕ ಬೇಕು, ಇಳಿಯುವ ಜಾಗ ರಾತ್ರಿಯೂ ಬೆಳಕಿನಲ್ಲಿರಬೇಕು. ಇದನ್ನು ಒಬ್ಬರು ಕೇಳಿದರೆ ಅರ್ಜಿ, ಊರೇ ಕೇಳಿದರೆ ಬೇಡಿಕೆ. ಮನವಿ ಬರೆದಾಗಿದೆ, ಸಹಿ ಪುಸ್ತಕ ಹಳೇ ರಸ್ತೆಯ ಗೊಂಬೆ ಅಂಗಡಿಗಳ ಗಲ್ಲಾದ ಪಕ್ಕದಲ್ಲಿದೆ. ಬೆಳಗ್ಗೆ ಅಂಗಡಿ ತೆಗೆದಾಗಿನಿಂದ ರಾತ್ರಿ ಬಾಗಿಲು ಎಳೆಯುವ ತನಕ ಯಾವಾಗ ಬೇಕಾದರೂ ಬನ್ನಿ. ಸಹಿ ಬಾರದ ಅಜ್ಜಿಯರು ಹೆಬ್ಬೆಟ್ಟು ಒತ್ತಬಹುದು. ಮಕ್ಕಳನ್ನೂ ಕರೆತನ್ನಿ, ಅವರು ಸಹಿ ಹಾಕುವ ಪುಟ ಬೇರೆ ಇಟ್ಟಿದ್ದೇವೆ. ಪುಸ್ತಕದ ಪಕ್ಕದಲ್ಲಿರುವ ಅರಗಿನ ಪೆನ್ನು ಬುಗುರಿ ಮಾಡುತ್ತಾ ಕೂತಿದ್ದ ಆ ಹಿರಿಯರೇ ಕಡೆದು ಕೊಟ್ಟದ್ದು.

ಇಂತಿ,
ಹಳೇ ರಸ್ತೆಯ ಗೊಂಬೆ ಅಂಗಡಿಯವರು, ಲೇತ್ ಕೆಲಸಗಾರರು ಹಾಗೂ ಬಣ್ಣ ಬರೆಯುವ ಹೆಣ್ಣುಮಕ್ಕಳು
ಚನ್ನಪಟ್ಟಣ