ಕೈಯನ್ನು ತೊಡೆಯವರೆಗೆ ಎಳೆಯಬೇಡಿ



ಕಳೆದ ಬೇಸಿಗೆಯಲ್ಲಿ ಯಳಂದೂರಿನ ಸಮೀಪ ನೆಂಟರ ತೋಟದ ಬಾವಿಯಲ್ಲಿ ಮೊಮ್ಮಗನಿಗೆ ಕಪ್ಪೆ ಈಜನ್ನು ಕಲಿಸುತ್ತಿದ್ದರು. “ಕೈ ಪೂರಾ ಎಳಿಯೋ, ತೊಡೆಗಂಟ ಎಳಿ” ಎಂದು ಹಿರಿಯರು ದಡದಿಂದ ಕೂಗುತ್ತಿದ್ದರು. ಹುಡುಗ ಎಳೆದ, ಎಳೆದಾಗಲೆಲ್ಲ ಮುಳುಗಿದ. ಅವನಿಗೆ ದೊರೆತ ಬಿರುದು ‘ಪುಕ್ಕಲ’.

ಪುಕ್ಕಲುತನಕ್ಕೂ ಇದಕ್ಕೂ ಸಂಬಂಧವಿಲ್ಲ. ತಪ್ಪು ಕಲಿಸಿದವರದು. ಸೋರೆಬುರುಡೆ ಕಟ್ಟಿಕೊಂಡು ನಾನು ಕಲಿತದ್ದೂ ಈ ತಪ್ಪನ್ನೇ. ಶಾಲೆಯ ಮಕ್ಕಳಿಗೆ ವರ್ಷಾನುಗಟ್ಟಲೆ ಹೇಳಿಕೊಟ್ಟದ್ದೂ ಇದನ್ನೇ. ಇದನ್ನು ಓದುತ್ತಿರುವ ನಿಮ್ಮಲ್ಲಿ ಕೆಲವರಲ್ಲಿ ನಾನು ಕ್ಷಮೆ ಯಾಚಿಸಬೇಕಾಗಿದೆ.

ಈ ಈಜಿನಲ್ಲಿ ಕೈಗಳು ಮರಳುವುದು ನೀರಿನೊಳಗೆಯೇ. ತೊಡೆಯವರೆಗೆ ಹೋದ ಕೈ ಅಷ್ಟು ದೂರವೂ ನೀರನ್ನು ತಳ್ಳಿಕೊಂಡೇ ಮುಂದೆ ಬರಬೇಕು. ಗಳಿಸಿದ ವೇಗವೆಲ್ಲ ಅಲ್ಲಿಯೇ ಕರಗುತ್ತದೆ. ಉಸಿರಿಗೆಂದು ತಲೆ ಎತ್ತುವ ಹೊತ್ತಿಗೆ ಮುಂದೆ ಆಸರೆಗೆ ಕೈಯೇ ಇರುವುದಿಲ್ಲ. ಮುಳುಗದೆ ಇನ್ನೇನಾದೀತು?

ಕೈಗಳನ್ನು ಮುಂದಕ್ಕೆ ನೀಳವಾಗಿ ಚಾಚಿರಿ. ಅಂಗೈಗಳನ್ನು ತುಸು ಹೊರಕ್ಕೆ ತಿರುಗಿಸಿ, ಭುಜಗಳಿಗಿಂತ ಸ್ವಲ್ಪವೇ ಅಗಲಕ್ಕೆ ತೆರೆಯಿರಿ. ಮೊಣಕೈ ಮೇಲೆಯೇ ನಿಲ್ಲಲಿ, ಭುಜದಿಂದ ಹಿಂದಕ್ಕೆ ಸರಿಯದಿರಲಿ. ಕಣದಲ್ಲಿ ರಾಗಿಯನ್ನು ಎರಡೂ ಕೈಗಳಿಂದ ಎದೆಯತ್ತ ಬಾಚಿಕೊಳ್ಳುವುದಿಲ್ಲವೇ, ಹಾಗೆ ಮುಂಗೈ ನೀರನ್ನು ಬಾಚಲಿ. ಅಂಗೈಗಳು ಗದ್ದದ ಕೆಳಗೆ ಕೂಡುವಾಗಲೇ ಉಸಿರು. ಅಲ್ಲಿ ಅರೆಕ್ಷಣವೂ ತಂಗದೆ ಕೈಗಳು ಮುಂದಕ್ಕೆ ನುಗ್ಗಬೇಕು, ಆಗಲೇ ಕಾಲಿನ ಒದೆತ. ಬಳಿಕ ಮೈಯನ್ನು ನೀಳವಾಗಿಟ್ಟು ಕ್ಷಣಕಾಲ ಜಾರಿರಿ. ನಮ್ಮವರಿಗೆ ಕಷ್ಟವಾಗುವುದು ಈ ಸುಮ್ಮನಿರುವಿಕೆಯೇ!

“ಟೀವಿಯಲ್ಲಿ ಚಾಂಪಿಯನ್ನರೇ ತೊಡೆಯವರೆಗೆ ಎಳೆಯುತ್ತಾರಲ್ಲ ಮೇಷ್ಟ್ರೇ?” ಎಂದು ಹಳೆಯ ಶಿಷ್ಯನೊಬ್ಬ ಮೊಬೈಲು ತೋರಿಸಿದ. ನಿಜ. ಆದರೆ ಅದು ಧುಮುಕಿದ ಮೇಲೆ ಮತ್ತು ಪ್ರತಿ ತಿರುವಿನ ಬಳಿಕ, ನೀರಿನಡಿಯಲ್ಲಿ ಒಂದೇ ಒಂದು ಸಲ. ಉಳಿದಂತೆ ಕೈಗಳು ಸೊಂಟದ ಗೆರೆಯನ್ನು ದಾಟಕೂಡದೆಂಬುದು ಸ್ಪರ್ಧೆಯ ನಿಯಮ. ತೊಡೆಯವರೆಗಿನ ಎಳೆತ ಸಲ್ಲುವುದು ಚಿಟ್ಟೆ ಈಜಿಗೆ. ಅಲ್ಲಿ ಕೈಗಳು ಗಾಳಿಯಲ್ಲಿ ಮರಳುತ್ತವೆ. 1952ರ ಸುಮಾರಿಗೆ ಅದನ್ನು ಪ್ರತ್ಯೇಕ ಈಜೆಂದೇ ಬೇರ್ಪಡಿಸಿದರು.

ಇನ್ನೊಂದು ವಾದ: “ನಮ್ಮ ತಾತಂದಿರು ಹೀಗೆಯೇ ಕಾವೇರಿಯನ್ನು ದಾಟಿದರು.” ದಾಟಿದವರು ದಡದಲ್ಲಿ ಕುಳಿತು ಕಥೆ ಹೇಳಿದರು; ದಾಟದವರ ಸಾಕ್ಷ್ಯ ನಮಗೆ ದೊರೆಯುವುದಿಲ್ಲ. ಶಿವನಸಮುದ್ರದ ಸೆಳವಿಗಂತೂ ಯಾವ ಈಜೂ ಉತ್ತರವಲ್ಲ, ಅಲ್ಲಿ ನೀರಿಗಿಳಿಯಲೇಬಾರದು. ಕೊಳ್ಳೇಗಾಲ, ಹನೂರಿನ ಕಡೆಯ ಕೆರೆಬಾವಿಗಳಲ್ಲಿಯೂ ಬಳಲಿದವನಿಗೆ ಬೇಕಾದುದು ತೋಳ್ಬಲವಲ್ಲ, ಮುಂದಿನ ಉಸಿರು.

ನಾಲ್ಕನೆಯ ದಿನ ಮೊಮ್ಮಗ ಬುರುಡೆಯಿಲ್ಲದೆ ಬಾವಿಯ ಆಚೆ ಬದಿ ಮುಟ್ಟಿದ. ಅದೇ ಹಿರಿಯರು ಈಗ ಅವನ ಕಾಲಿನಲ್ಲಿ ದೋಷ ಹುಡುಕುತ್ತಿದ್ದಾರೆ. ಅದನ್ನು ಕುರಿತು ಇನ್ನೊಮ್ಮೆ ಬರೆಯುತ್ತೇನೆ.