ಯುಕುಲೇಲೆಯಲ್ಲಿ ಜತಿಸ್ವರ ನುಡಿಸಿದರೆ ತಪ್ಪೇನು?

ಹೊಸೂರು, ದೇಂಕಣಿಕೋಟೆ, ತಳಿ ಭಾಗದ ಕನ್ನಡ ಮನೆಗಳಲ್ಲಿ ಮಕ್ಕಳು ಭರತನಾಟ್ಯ ಕಲಿಯುವುದು ಹೊಸತಲ್ಲ. ಅದೇ ಮಕ್ಕಳು ತಾವು ಕುಣಿಯುವ ಜತಿಸ್ವರ, ತಿಲ್ಲಾನಗಳನ್ನು ಯುಕುಲೇಲೆಯೆಂಬ ನಾಲ್ಕು ತಂತಿಯ ಪುಟ್ಟ ವಾದ್ಯದಲ್ಲಿ ನುಡಿಸಲು ಹೊರಟರೆ ಮಾತ್ರ ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ. ಶಾಸ್ತ್ರೀಯ ನೃತ್ಯಕ್ಕೆ ಪರದೇಶದ ಆಟಿಕೆಯೇ ಎಂಬುದು ಅವರ ಆಕ್ಷೇಪ. ಈ ಆಕ್ಷೇಪಕ್ಕೆ ಇತಿಹಾಸದ ಬೆಂಬಲವಿಲ್ಲ.

ಭರತನಾಟ್ಯ ಕಛೇರಿಗೆ ಇಂದಿನ ಕ್ರಮವನ್ನು ಕೊಟ್ಟವರು ತಂಜಾವೂರು ಸಹೋದರರಾದ ಚಿನ್ನಯ್ಯ, ಪೊನ್ನಯ್ಯ, ಶಿವಾನಂದಂ ಮತ್ತು ವಡಿವೇಲು. ಚಿನ್ನಯ್ಯನವರಿಗೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನ ಆಶ್ರಯವಿತ್ತಿತು. ವಡಿವೇಲು ಅವರು ಯೂರೋಪಿನ ಪಿಟೀಲನ್ನು ಕೈಗೆತ್ತಿಕೊಂಡರು. 1834ರಲ್ಲಿ ಸ್ವಾತಿ ತಿರುನಾಳ್ ಮಹಾರಾಜರಿಂದ ದಂತದ ಪಿಟೀಲನ್ನೇ ಉಡುಗೊರೆಯಾಗಿ ಪಡೆದರು. ಮುಂದೆ ನೃತ್ಯದ ಮೇಳಕ್ಕೆ ಕ್ಲಾರಿನೆಟ್ ಸೇರಿತು. ಪಿಟೀಲಿಗೆ ಏಳು ತಂತಿ ಕಟ್ಟಿದ ಮೈಸೂರು ಟಿ. ಚೌಡಯ್ಯನವರ ನೆನಪಿಗೆ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಭವನವೇ ಎದ್ದು ನಿಂತಿದೆ. ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನನ್ನೂ ಯು. ಶ್ರೀನಿವಾಸರು ಮ್ಯಾಂಡೊಲಿನ್ನನ್ನೂ ಕಛೇರಿಯ ವೇದಿಕೆಗೆ ತಂದರು. ಇವರೆಲ್ಲರಿಗೂ ಕೈಮುಗಿಯುವ ನಾವು ಒಂದು ಮಗುವಿನ ಕೈಯ ಯುಕುಲೇಲೆಯನ್ನು ಕಂಡು ಬೆಚ್ಚುವುದೇಕೆ? ಆ ವಾದ್ಯವಾದರೂ ವಲಸಿಗರ ಕೂಸು. 1879ರಲ್ಲಿ ಪೋರ್ಚುಗಲ್ಲಿನ ಮದೀರಾ ದ್ವೀಪದಿಂದ ಕಬ್ಬಿನ ತೋಟದ ಕೂಲಿಗೆಂದು ಹವಾಯಿಗೆ ಹೋದವರು ತಮ್ಮೂರಿನ ಪುಟ್ಟ ತಂತಿವಾದ್ಯವನ್ನು ಜೊತೆಗೊಯ್ದರು. ಅದೇ ಅಲ್ಲಿ ಯುಕುಲೇಲೆಯಾಯಿತು. ಗಡಿಯಲ್ಲಿ ಬಾಳುವ ನಮಗೆ ಈ ಕಥೆ ಅರ್ಥವಾಗದೆ?

ಆಕ್ಷೇಪಗಳಲ್ಲಿ ತೂಕವುಳ್ಳದ್ದು ಒಂದುಂಟು: ಗಮಕ. ಯುಕುಲೇಲೆಯ ನಾದ ಬೇಗನೆ ಆರುತ್ತದೆ. ವೀಣೆಯಂತೆ ತಂತಿಯನ್ನು ಎಳೆದು ತೋಡಿ, ಶಹನ ರಾಗಗಳನ್ನು ಅರಳಿಸಲು ಅದರಲ್ಲಿ ಸಾಧ್ಯವಿಲ್ಲ. ಇದನ್ನು ಒಪ್ಪಲೇಬೇಕು. ಆದರೆ ಜತಿಸ್ವರ, ತಿಲ್ಲಾನಗಳ ಜೀವವಿರುವುದು ಬಿಡಿಬಿಡಿಯಾದ ಸ್ವರಗಳ ಓಟದಲ್ಲಿ, ಲಯದಲ್ಲಿ. ಎಫ್ ಶ್ರುತಿಯನ್ನು ಷಡ್ಜವಾಗಿಟ್ಟುಕೊಂಡರೆ ಈ ಪುಟ್ಟ ವಾದ್ಯದಲ್ಲಿ ಮಂದ್ರ ಪಂಚಮದಿಂದ ತಾರಸ್ಥಾಯಿಯ ಗಾಂಧಾರದವರೆಗೆ ಸ್ವರಗಳು ದೊರೆಯುತ್ತವೆ. ಹಂಸಧ್ವನಿ, ಮೋಹನದಂತಹ ರಾಗಗಳಿಂದ ಆರಂಭಿಸಲು ಇಷ್ಟು ಸಾಕು. ಮಗು ಮೊದಲು ಕೈಯಲ್ಲಿ ಆದಿತಾಳ ಹಾಕಿ ಸ್ವರವನ್ನು ಹಾಡಲಿ, ಆಮೇಲೆ ತಂತಿ ಮೀಟಲಿ. ಹಾಗೆ ಕಲಿತ ಮಗುವಿಗೆ ತಾನು ಕುಣಿಯುವ ಹೆಜ್ಜೆಯ ಲೆಕ್ಕ ಧ್ವನಿಮುದ್ರಣಕ್ಕೆ ಕುಣಿಯುವವರಿಗಿಂತ ಚೆನ್ನಾಗಿ ತಿಳಿದಿರುತ್ತದೆ.

ನಾವು ಕಳವಳಪಡಬೇಕಾದ ಸಂಗತಿ ಬೇರೆಯೇ ಇದೆ. ತಮಿಳುನಾಡಿನಲ್ಲಿ 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ಶಾಲೆಯಲ್ಲಿ ಕನ್ನಡಕ್ಕಿದ್ದ ಜಾಗ ಕುಗ್ಗಿದೆ. ತಮಿಳು ಕಲಿಯುವುದು ನಷ್ಟವಲ್ಲ. ಕನ್ನಡ ಮರೆಯುವುದು ನಷ್ಟ. ದೇವರನಾಮಕ್ಕೆ ಅಭಿನಯಿಸುವ ನಮ್ಮ ಮಗು ಅದರ ಸಾಹಿತ್ಯವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡು, ಅರ್ಥವರಿಯದೆ ಉರು ಹೊಡೆಯುವುದನ್ನು ಕಂಡೂ ಸುಮ್ಮನಿರುವ ನಾವು ವಾದ್ಯದ ಮಡಿ-ಮೈಲಿಗೆಯ ಮಾತೆತ್ತುತ್ತೇವೆ! ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ’ ಪದವನ್ನು ಅಭಿನಯದಿಂದ ಜಗತ್ಪ್ರಸಿದ್ಧಗೊಳಿಸಿದವರು ಚೆನ್ನೈನ ಬಾಲಸರಸ್ವತಿಯವರು. ಸತ್ಯಜಿತ್ ರಾಯ್ ಅವರು 1976ರಲ್ಲಿ ತಮ್ಮ ‘ಬಾಲಾ’ ಚಿತ್ರದಲ್ಲಿ ಆ ನೃತ್ಯವನ್ನು ಸೆರೆಹಿಡಿದರು. ತಮಿಳು ನಾಡಿನ ಕಲಾವಿದೆ ಕನ್ನಡದ ಪದವನ್ನು ಅಷ್ಟು ಪ್ರೀತಿಯಿಂದ ಹೊತ್ತಿರುವಾಗ, ಕನ್ನಡದ ಮಗುವಿಗೆ ಅದರ ಅರ್ಥ ತಿಳಿಯದಿರುವುದು ನಾಚಿಕೆಗೇಡು.

ಆದ್ದರಿಂದ ಸಂಘದ ಹಿರಿಯರಲ್ಲಿ ನನ್ನ ಬಿನ್ನಹವಿಷ್ಟು. ವಾದ್ಯವನ್ನು ಮಕ್ಕಳ ಆಯ್ಕೆಗೆ ಬಿಡಿ. ಸ್ವರ ಮತ್ತು ಸಾಹಿತ್ಯವನ್ನು ಕನ್ನಡ ಲಿಪಿಯಲ್ಲಿ ಅಚ್ಚುಮಾಡಿದ ಒಂದು ಸಣ್ಣ ಪುಸ್ತಿಕೆಯನ್ನು ಅವರ ಕೈಗಿಡಿ. ಮುಂದಿನ ಸಮ್ಮೇಳನದಲ್ಲಿ ಹತ್ತು ನಿಮಿಷ ಅವರಿಗೆ ವೇದಿಕೆ ಕೊಡಿ; ನುಡಿಸುವ ಮುನ್ನ ಆ ಪದದ ಅರ್ಥವನ್ನು ಅವರೇ ಕನ್ನಡದಲ್ಲಿ ಹೇಳಲಿ. ಅಷ್ಟಾದರೆ ತಂತಿ ಯಾವ ದೇಶದ್ದೆಂದು ಯಾರೂ ಕೇಳಲಾರರು.